ಹಳೇ ಕ್ಯಾಸೆಟ್‌ಗೆ ಯಾವ ಡಿವೈಸ್?

ಹಳೇ ವಿಡಿಯೋ ಕ್ಯಾಸೆಟ್‌ನ ಫೋನ್‌ನಲ್ಲಿ ನೋಡೋ ಹಾಗೆ ಮಾಡೋಕೆ ಯಾವ ಡಿವೈಸ್ ತಗೋಬೇಕು? ನಿಮ್ಮಲ್ಲಿ ತುಂಬಾ ಜನ ಕೇಳ್ತಿದ್ದೀರಿ. ಉತ್ತರ ಸಿಗೋದು ಕ್ಯಾಸೆಟ್‌ನ ಇತಿಹಾಸದಲ್ಲೇ.

1975ರಲ್ಲಿ ಜಪಾನಿನ ಸೋನಿ ಕಂಪನಿ ಬೀಟಾಮ್ಯಾಕ್ಸ್ ತಂತು. ಮರುವರ್ಷ ಜೆವಿಸಿ, ವಿಎಚ್‌ಎಸ್ ತಂತು. ಮೊದಲ ಬೀಟಾಮ್ಯಾಕ್ಸ್ ಕ್ಯಾಸೆಟ್‌ನಲ್ಲಿ ಒಂದೇ ಗಂಟೆ ರೆಕಾರ್ಡ್ ಆಗ್ತಿತ್ತು, ವಿಎಚ್‌ಎಸ್‌ನಲ್ಲಿ ಎರಡು. ಸಾಲದ್ದಕ್ಕೆ ಜೆವಿಸಿ ತನ್ನ ಫಾರ್ಮ್ಯಾಟನ್ನ ಬೇರೆ ಕಂಪನಿಗಳಿಗೂ ಧಾರಾಳವಾಗಿ ಕೊಡ್ತು. ಗೆದ್ದಿದ್ದು ವಿಎಚ್‌ಎಸ್. ಬಿಕಾಂ ಓದಿದ ನನಗೆ ಈ ಕಥೆ ಎಷ್ಟು ಸಲ ಹೇಳಿದ್ರೂ ಬೇಜಾರಿಲ್ಲ. ನಮ್ಮಲ್ಲಿ 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್ ಟಿವಿ ಬಂತು. ಅದರ ಹಿಂದೆನೇ ವಿಸಿಆರ್, ಬಾಡಿಗೆ ಕ್ಯಾಸೆಟ್ ಅಂಗಡಿ, ಆಮೇಲೆ ಕಲ್ಯಾಣ ಮಂಟಪದಲ್ಲಿ ಕಣ್ಣು ಕುಕ್ಕೋ ಲೈಟ್ ಹಿಡಿದ ವಿಡಿಯೋದವರು.

ನಮ್ಮ ಕಡೆಯ ವಿಸಿಆರ್ ಒಳಗೆ ಒಂದು ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತೆ. ಅದರ ಹೆಡ್‌ಗಳು ಟೇಪ್ ಮೇಲಿನ ಓರೆ ಗೆರೆಗಳನ್ನ ಓದ್ತವೆ. ಒಂದು ಗೆರೆ ಅಂದ್ರೆ ಅರ್ಧ ಚಿತ್ರ, ಸೆಕೆಂಡಿಗೆ 50 ಗೆರೆ. ಹಳೇ ಟೇಪ್ ಹಿಗ್ಗಿದ್ರೆ, ಸುಕ್ಕಾಗಿದ್ರೆ ಈ ಲೆಕ್ಕ ತಪ್ಪುತ್ತೆ. ಆಗಿನ ಡಬ್ಬಾ ಟಿವಿ ಅಷ್ಟನ್ನ ಸಹಿಸ್ಕೊಳ್ತಿತ್ತು. ಕಂಪ್ಯೂಟರ್ ಸಹಿಸಲ್ಲ, ಫ್ರೇಮ್‌ಗಳನ್ನೇ ಬಿಟ್ಟುಬಿಡುತ್ತೆ.

ನಮ್ಮನೇಲಿ ಅಪ್ಪ ಅಮ್ಮನ ಮದುವೆ ಕ್ಯಾಸೆಟ್ ಇದೆ. ತಾತನ ದನಿ ಉಳಿದಿರೋದು ಅದರಲ್ಲಿ ಮಾತ್ರ. ಅಂಗಡಿಯೊಂದು ಮಾಡಿಕೊಟ್ಟ ಫೈಲಲ್ಲಿ ತಾತನ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಪುಣ್ಯಕ್ಕೆ ಅಮ್ಮ ಕ್ಯಾಸೆಟ್ ಎಸೆದಿರಲಿಲ್ಲ. ನೀವೂ ಎಸೀಬೇಡಿ.

ಹಾಗಾಗಿ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಯಾವುದು ಅನ್ನೋದು ಕೊನೇ ಪ್ರಶ್ನೆ. ಮೊದಲು ದುಡ್ಡು ಹಾಕಬೇಕಾದ್ದು ಸರಿಯಾಗಿ ಓಡೋ ವಿಸಿಆರ್ ಮೇಲೆ. ಆಮೇಲೆ ಟೈಮ್ ಬೇಸ್ ಕರೆಕ್ಟರ್, ಅಂದ್ರೆ ತಪ್ಪಿದ ಗೆರೆಗಳ ಟೈಮ್ ಸರಿಮಾಡೋ ಸರ್ಕ್ಯೂಟ್. ಕೆಲವು ಎಸ್-ವಿಎಚ್‌ಎಸ್ ಪ್ಲೇಯರ್‌ಗಳ ಒಳಗೇ ಅದು ಇರುತ್ತೆ. ಬೇರೆಯಾಗಿ ಕೊಂಡ್ರೆ ದುಬಾರಿ. ಕೆಲವು ಹಳೇ ಡಿವಿಡಿ ರೆಕಾರ್ಡರ್‌ಗಳನ್ನ ವಿಸಿಆರ್‌ಗೂ ಸ್ಟಿಕ್‌ಗೂ ಮಧ್ಯೆ ಇಟ್ರೆ ಹೆಚ್ಚುಕಮ್ಮಿ ಅದೇ ಕೆಲಸ ಆಗುತ್ತೆ. ತಾತನ ಮಾತು ತುಟಿಗೆ ಕೂತಿದ್ದು ಹಾಗೇ.

ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ ಆದ್ರೆ ಹುಷಾರು. ನಮ್ಮದು ಪಾಲ್, 625 ಗೆರೆ. ಅವರದ್ದು ಎನ್‌ಟಿಎಸ್‌ಸಿ, 525. ಎರಡನ್ನೂ ಓದೋ ಪ್ಲೇಯರ್ ಬೇಕು. ಮಿನಿಡಿವಿ ಟೇಪ್ ಆದ್ರೆ ಅದು ಮೊದಲೇ ಡಿಜಿಟಲ್, ಸ್ಟಿಕ್ ಬೇಡ. ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್‌ನಲ್ಲಿ ಹಾಗೇ ಇಳಿಸಬಹುದು, ಗಂಟೆಗೆ ಸುಮಾರು 13 ಜಿಬಿ. ಟೇಪ್ ಅಂಚಲ್ಲಿ ಬಿಳಿ ಬೂಷ್ಟು ಕಂಡ್ರೆ ಮಾತ್ರ ಪ್ಲೇ ಒತ್ತಲೇಬೇಡಿ, ಹೆಡ್ ಕೆಡುತ್ತೆ, ಮುಂದಿನ ಕ್ಯಾಸೆಟ್‌ಗೂ ಅಂಟುತ್ತೆ.

ಕೊನೇವರೆಗೂ ವಿಸಿಆರ್ ತಯಾರಿಸ್ತಿದ್ದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ನಿಲ್ಲಿಸ್ತು. ಈಗ ಸಿಗೋದೆಲ್ಲ ಸೆಕೆಂಡ್ ಹ್ಯಾಂಡ್. ಯಾರದ್ದೋ ಅಟ್ಟದ ಮೇಲೆ ಒಂದು ಇರಬಹುದು, ಈ ವಾರಾಂತ್ಯ ಕೇಳಿ ನೋಡಿ. ಸಿಕ್ರೆ ಮೊದಲು ಬೇಡದ ಕ್ಯಾಸೆಟ್ ಹಾಕಿ ಓಡಿಸಿ, ಆಮೇಲೆ ಮದುವೇದು.