ಕುರ್ಚಿ ಇಲ್ಲದ ಹೋಟೆಲ್

ಆಸ್ಪತ್ರೆಗೋ ಮಗಳ ಮನೆಗೋ ಅಂತ ಬೆಂಗಳೂರಿಗೆ ಬಂದವರು ದರ್ಶಿನಿಯಲ್ಲಿ ನಿಂತೇ ಇಡ್ಲಿ ತಿಂದಿರುತ್ತೀರಿ. ಆ ಹೆಸರಿನ ಮೊದಲ ಹೋಟೆಲ್ ಶುರುವಾಗಿದ್ದು ಜಯನಗರದಲ್ಲಿ, 1983ರಲ್ಲಿ. ಹೆಸರು ಕೆಫೆ ದರ್ಶಿನಿ. ಅದರ ಹಿಂದಿದ್ದವರು ಆರ್. ಪ್ರಭಾಕರ್.

ಅಮೆರಿಕದಲ್ಲಿ ಬನ್ನಿನೊಳಗೆ ಮಾಂಸದ ಸಾಸೇಜ್ ಇಟ್ಟ ಹಾಟ್ ಡಾಗನ್ನು ಜನ ಬೀದಿಯಲ್ಲೇ ನಿಂತು ತಿನ್ನುತ್ತಾರೆ. ಹೊರದೇಶದ ಆ ಫಾಸ್ಟ್‌ಫುಡ್ ಪದ್ಧತಿ ಇಲ್ಲಿ ನಮ್ಮ ಇಡ್ಲಿ-ವಡೆಗೆ ಒಗ್ಗಿತು. ಮೊದಲು ದುಡ್ಡು ಕೊಟ್ಟು ಟೋಕನ್ ತಗೊಳ್ಳಬೇಕು, ಕೌಂಟರಿನಿಂದ ತಟ್ಟೆ ನಾವೇ ತರಬೇಕು. ಸಪ್ಲೈಯರ್ ಸಂಬಳ ಉಳಿಯಿತು, ಚಿಕ್ಕ ಜಾಗದಲ್ಲೇ ಹೆಚ್ಚು ಜನ ತಿಂದರು. ಹಾಗಾಗಿ ಕಡಿಮೆ ಬೆಲೆಗೆ ಕೊಡಲು ಸಾಧ್ಯವಾಯಿತು.

ಇನ್ನೊಂದು ಬದಲಾವಣೆಯೂ ಇದೆ. ಹಿಂದೆ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇತ್ತು. ದರ್ಶಿನಿಯಲ್ಲಿ ಪಕ್ಕ ನಿಂತವರ ಜಾತಿ ಯಾರಿಗೂ ಗೊತ್ತಾಗದು. ತಿಂದ ತಟ್ಟೆಗಳೆಲ್ಲ ಬೀಳುವುದು ಒಂದೇ ಟಬ್ಬಿಗೆ.

ಮಂಡಿನೋವಿನ ಅಜ್ಜಿಗೆ ಅಲ್ಲಿ ಕೂರಲು ಜಾಗವಿಲ್ಲ, ನಿಜ. ಸಪ್ಲೈಯರ್‌ಗಳ ಕೆಲಸವೂ ಕಡಿಮೆಯಾಯಿತು. ಆದರೆ ದಲಿತರಿಗೆ ಬೇರೆ ಲೋಟ ಇಡುವ ಹೋಟೆಲ್ ಕಂಡು ಬೆಳೆದವರಿಗೆ ಆ ಟಬ್ಬು ಸಣ್ಣ ಸಂಗತಿಯಲ್ಲ.

ನಿಮ್ಮೂರ ಹೋಟೆಲಿನಲ್ಲಿ ಲೋಟ ಎಷ್ಟು ಬಗೆ? ನಾಳೆ ಟೀ ಕುಡಿಯುವಾಗ ಒಮ್ಮೆ ನೋಡಿ.