ಡಬ್ಬಿಯ ಮೇಲಿನ ಚೀಟಿ

ಯಂತ್ರವೊಂದು ಇನ್ನೊಂದು ಯಂತ್ರಕ್ಕೆ ಸುಳ್ಳು ಹೇಳಬಲ್ಲದೇ? ಸಂವಹನ ನಿಯಮಗಳ ಇತಿಹಾಸವನ್ನು ಓದುತ್ತಾ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆಯೇ.

1984ರಲ್ಲಿ ಸಿಸಿಐಟಿಟಿ ಎಂಬ ಅಂತಾರಾಷ್ಟ್ರೀಯ ದೂರಸಂಪರ್ಕ ಸಮಿತಿಯು ವಿದ್ಯುನ್ಮಾನ ಅಂಚೆಗಾಗಿ ಎಕ್ಸ್.400 ಎಂಬ ನಿಯಮಗಳ ಸರಣಿಯನ್ನು ಹೊರತಂದಿತು. ಬೇರೆ ಬೇರೆ ಕಂಪನಿಗಳ ಕಂಪ್ಯೂಟರುಗಳು ಒಂದು ಸಂದೇಶವನ್ನು ಒಂದೇ ಬಗೆಯಲ್ಲಿ ಓದಬೇಕಲ್ಲ? ಅದಕ್ಕೆಂದೇ ಆ ಸರಣಿಯಲ್ಲಿ ಎಕ್ಸ್.409 ಇತ್ತು. 1988ರಲ್ಲಿ ಅದು ಎರಡಾಯಿತು: ದತ್ತಾಂಶದ ಆಕಾರವನ್ನು ವಿವರಿಸುವ ಎಎಸ್‌ಎನ್.1 ಮತ್ತು ಅದನ್ನು ಬೈಟುಗಳಾಗಿ ಇಳಿಸುವ ಬಿಇಆರ್.

ಬಿಇಆರ್ ಕ್ರಮ ಸರಳ. ಮೊದಲು 'ಇದೇನು' ಎನ್ನುವ ಟ್ಯಾಗ್, ನಂತರ 'ಎಷ್ಟು ಬೈಟು' ಎನ್ನುವ ಉದ್ದ, ಆಮೇಲೆ ಸರಕು. ಆ ಸರಕೇ ಮತ್ತೊಂದು ಡಬ್ಬಿಯಾಗಿರಬಹುದು, ಅದರೊಳಗೆ ಇನ್ನೊಂದು. ಈ ಬೈಟುಗಳನ್ನು ನೋಡಿ:

30 06 02 01 05 02 01 09

30 ಎಂದರೆ ಹಲವು ವಸ್ತುಗಳನ್ನು ಸಾಲಾಗಿ ಇಟ್ಟ ಡಬ್ಬಿ. 06 ಎಂದರೆ ಒಳಗೆ ಆರು ಬೈಟುಗಳಿವೆ. 02 ಪೂರ್ಣಾಂಕದ ಗುರುತು, 01 ಅದರ ಉದ್ದ, 05 ಅದರ ಬೆಲೆ. ಮತ್ತೆ 02 01, ಬೆಲೆ 09. ಉದ್ದ 127ನ್ನು ದಾಟಿದರೆ, ಆ ಉದ್ದವನ್ನು ಬರೆಯಲು ಎಷ್ಟು ಬೈಟು ಹಿಡಿಯಿತೆಂದು ಮೊದಲ ಬೈಟು ಹೇಳುತ್ತದೆ.

ಈಗ ಎರಡನೆಯ 01ರ ಜಾಗದಲ್ಲಿ 70 ಎಂದು ಬರೆಯೋಣ. ಉಳಿದಿರುವುದು ಒಂದೇ ಬೈಟು, ಚೀಟಿ ಹೇಳುವುದು ನೂರಕ್ಕೂ ಹೆಚ್ಚು! ಓದುವವರು ಯಾರನ್ನು ನಂಬಬೇಕು?

ರೌಟರ್, ಪ್ರಿಂಟರುಗಳಂಥ ಪುಟ್ಟ ಸಾಧನಗಳಲ್ಲಿ ಓದುವ ಕೆಲಸ ಬಹುಪಾಲು ಸಿ ಭಾಷೆಯದು. ಸಿ ಭಾಷೆಯ ಪಾಯಿಂಟರ್ ಬರೀ ಒಂದು ವಿಳಾಸ. ಅಲ್ಲಿಂದ ಎಷ್ಟು ದೂರ ನಡೆಯಬಹುದೆಂಬುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಒಳಡಬ್ಬಿಯ ಉದ್ದವು ಹೊರಡಬ್ಬಿಯಲ್ಲಿ ಉಳಿದ ಜಾಗವನ್ನು ಮೀರದಂತೆ ಪ್ರತಿ ಹಂತದಲ್ಲೂ ಪ್ರೋಗ್ರಾಮರನೇ ಅಳೆಯಬೇಕು. ಡಬ್ಬಿಗಳ ಆಳಕ್ಕೂ ಮಿತಿ ಬೇಕು. ಒಂದೊಂದು ಡಬ್ಬಿಗೂ ಫಂಕ್ಷನ್ ತನ್ನನ್ನೇ ಮತ್ತೆ ಕರೆದುಕೊಳ್ಳುತ್ತಾ ಹೋದರೆ ಪುಟ್ಟ ಸಾಧನದ ಸ್ಟ್ಯಾಕ್ ಬೇಗ ಬರಿದಾಗುತ್ತದೆ.

ಜಾಲದ ಸಾಧನಗಳನ್ನು ದೂರದಿಂದ ನೋಡಿಕೊಳ್ಳಲು 1988ರಲ್ಲಿ ಬಂದ ಎಸ್‌ಎನ್‌ಎಂಪಿ ನಿಯಮವೂ ಬಿಇಆರ್ ಅನ್ನೇ ಬಳಸಿತು. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ಕೆಡಿಸಿದ ಸಾವಿರಾರು ಎಸ್‌ಎನ್‌ಎಂಪಿ ಸಂದೇಶಗಳನ್ನು ಸಾಧನಗಳಿಗೆ ಕಳಿಸಿ ನೋಡಿದರು. ಕೆಲವು ಸಾಧನಗಳು ನಿಂತೇಹೋದವು, ಕೆಲವು ತಾವಾಗಿಯೇ ಮರುಚಾಲನೆಗೊಂಡವು. 2002ರ ಫೆಬ್ರುವರಿಯಲ್ಲಿ ಅಮೆರಿಕದ ಸರ್ಟ್ ಕೇಂದ್ರ ಎಚ್ಚರಿಕೆ ಹೊರಡಿಸಿದಾಗ, ದೋಷ ಒಬ್ಬಿಬ್ಬರದ್ದಲ್ಲ, ಹಲವಾರು ತಯಾರಕರದ್ದು ಎಂಬುದು ಬಯಲಾಯಿತು. 2014ರ ಹಾರ್ಟ್‌ಬ್ಲೀಡ್ ಬಿಇಆರ್‌ಗೆ ಸಂಬಂಧಿಸಿದ್ದಲ್ಲ, ಆದರೂ ಅಲ್ಲಿನ ತಪ್ಪು ಇದೇ ಜಾತಿಯದು. ಕಳಿಸಿದವನು ಹೇಳಿದ ಉದ್ದವನ್ನು ನಂಬಿ ಓಪನ್‌ಎಸ್‌ಎಸ್‌ಎಲ್ ಒಮ್ಮೆಗೆ ಸುಮಾರು 64 ಕಿಲೋಬೈಟಿನಷ್ಟು ನೆನಪನ್ನು ಅಪರಿಚಿತರಿಗೆ ಒಪ್ಪಿಸುತ್ತಿತ್ತು.

ಇದನ್ನು ಪ್ರೋಗ್ರಾಮರನ ಅಜಾಗರೂಕತೆ ಎಂದಷ್ಟೇ ಬಗೆಯುವುದು ನನಗೆ ಸರಿಕಾಣುವುದಿಲ್ಲ. ಸಿಸಿಐಟಿಟಿ ಮುಖ್ಯವಾಗಿ ಸರ್ಕಾರಿ ದೂರಸಂಪರ್ಕ ಇಲಾಖೆಗಳ ಕೂಟವಾಗಿತ್ತು. ಪರಸ್ಪರ ಬಲ್ಲವರ ನಡುವೆ ಚೀಟಿಯನ್ನು ನಂಬುವುದು ಸಹಜ. ಸಿ ಭಾಷೆಯೂ ಪ್ರೋಗ್ರಾಮರನನ್ನು ನಂಬಿಯೇ ಹುಟ್ಟಿದ್ದು. ಈ ಎರಡೂ ನಂಬಿಕೆಗಳು ಯಾರು ಬೇಕಾದರೂ ಬಂದು ಮಾತನಾಡಬಹುದಾದ ಜಾಲಕ್ಕೆ ಒಟ್ಟಿಗೆ ಕಾಲಿಟ್ಟವು. ಚೀಟಿಯ ಬರಹ ಅಂದಿನಂತೆಯೇ ಉಳಿಯಿತು, ಬರೆಯುವವರು ಬದಲಾದರು. ಆದ್ದರಿಂದ ಉದ್ದದ ಆ ಒಂದು ಬೈಟನ್ನು ಸತ್ಯವೆಂದಲ್ಲ, ಕಳಿಸಿದವನ ಹೇಳಿಕೆಯೆಂದು ಓದಬೇಕು. ಹೇಳುವುದು ಅವನ ಪಾಲು, ಅಳೆಯುವುದು ನಮ್ಮ ಪಾಲು.