ಧರ್ಮಸಭೆಯಲ್ಲಿ ಪಶ್ಚಾತ್ತಾಪದ ಕರೆ: ಒಂದು ಚಾರಿತ್ರಿಕ ನೋಟ

ಪಶ್ಚಾತ್ತಾಪವೆಂದೊಡನೆ ನಮ್ಮಲ್ಲಿ ಅನೇಕರಿಗೆ ವಿಭೂತಿ ಬುಧವಾರದ ಬೂದಿ, ತಪಸ್ಸುಕಾಲದ ಶಿಲುಬೆಯ ಹಾದಿ, ಈಸ್ಟರ್ ಸಮೀಪಿಸಿದಾಗ ಪಾಪನಿವೇದನೆಗಾಗಿ ನಿಲ್ಲುವ ಸಾಲು, ಇಷ್ಟೇ ನೆನಪಾಗುತ್ತವೆ. ಆದರೆ ಸ್ನಾನಿಕ ಯೊವಾನ್ನನು ತನ್ನ ಬಳಿಗೆ ಬಂದವರಿಗೆ ವಿಧಿಸಿದ್ದು ಬೇರೆಯೇ. ಎರಡಂಗಿಯುಳ್ಳವನು ಇಲ್ಲದವನೊಡನೆ ಹಂಚಿಕೊಳ್ಳುವಂತೆಯೂ, ಸುಂಕದವನು ನಿಗದಿಗಿಂತ ಹೆಚ್ಚು ವಸೂಲು ಮಾಡದಂತೆಯೂ, ಸಿಪಾಯಿಯು ಯಾರನ್ನೂ ಸುಲಿಯದಂತೆಯೂ ಆತನು ಬೋಧಿಸಿದನೆಂದು ಸಂತ ಲೂಕನು ತಿಳಿಸುತ್ತಾನೆ. ಅಂಗಿ, ಸುಂಕ, ಸಂಬಳ: ಇವೆಲ್ಲ ಸಂತೆ ಬೀದಿಯ ಮಾತುಗಳು!

ಆದಿ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ವಿಶ್ವಾಸದ್ರೋಹಗಳಂತಹ ಘೋರ ಪಾಪಗಳಿಗೆ ಬಹಿರಂಗ ಪ್ರಾಯಶ್ಚಿತ್ತವಿತ್ತು. ಅದೂ ಬಾಳಿನಲ್ಲಿ ಒಂದೇ ಸಲ. ತರುವಾಯ ಐರ್ಲೆಂಡಿನ ಸನ್ಯಾಸಿಗಳು ಗುಟ್ಟಾದ, ಮತ್ತೆ ಮತ್ತೆ ಪಡೆಯಬಹುದಾದ ಪಾಪನಿವೇದನೆಯನ್ನು ಯೂರೋಪಿನಲ್ಲಿ ಹರಡಿದರು. 1215ರ ನಾಲ್ಕನೆಯ ಲಾತೆರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ಕಟ್ಟಳೆ ವಿಧಿಸಿತು. ಜಾಲರಿಯುಳ್ಳ ಪೀಠವು ಬಂದದ್ದು 16ನೆಯ ಶತಮಾನದಲ್ಲಿ, ಮಿಲಾನಿನ ಸಂತ ಚಾರ್ಲ್ಸ್ ಬೊರೊಮಿಯೊ ಅವರ ಕಾಲದಲ್ಲಿ. ಆ ಜಾಲರಿಯು ಮಾನವನ್ನು ಕಾಪಾಡಿತು, ನಿಜ. ಆದರೆ ಪಾಪವು ನಮಗೂ ದೇವರಿಗೂ ಮಾತ್ರ ಸಂಬಂಧಿಸಿದ್ದು, ನೆರೆಯವನಿಗೆ ಅಲ್ಲಿ ಸ್ಥಾನವಿಲ್ಲವೆಂಬ ಭಾವನೆಯೂ ಅದರೊಡನೆಯೇ ಬೆಳೆಯಿತೆಂದು ನಮಗೆ ತೋರುತ್ತದೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಈ ಸಂಸ್ಕಾರದ ವಿಧಿಯನ್ನು ಪರಿಷ್ಕರಿಸಲು ಆದೇಶಿಸಿತು. 1966ರಲ್ಲಿ ಜಗದ್ಗುರು ಆರನೆಯ ಪೌಲರು ಉಪವಾಸದೊಡನೆ ಪ್ರಾರ್ಥನೆಯನ್ನೂ ಪರೋಪಕಾರವನ್ನೂ ಪ್ರಾಯಶ್ಚಿತ್ತವಾಗಿ ಎತ್ತಿಹಿಡಿದರು. 1973ರ ಹೊಸ ವಿಧಿಯು ದೇವರ ವಾಕ್ಯದ ವಾಚನವನ್ನೂ ಸಾಮೂಹಿಕ ಪಶ್ಚಾತ್ತಾಪ ಆರಾಧನೆಯನ್ನೂ ಒದಗಿಸಿತು. ಕ್ಷಮೆಯ ಮಾತುಗಳು ಲತೀನಿನಿಂದ ಜನರ ಭಾಷೆಗೆ ಬಂದವು. ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತ ನಮ್ಮ ಗಡಿನಾಡಿನಲ್ಲಿ ಇದು ಸಾಮಾನ್ಯ ಲಾಭವಲ್ಲ. ಔರಾದಿನ ಅಜ್ಜಿಯೊಬ್ಬಳು ತನ್ನ ದುಃಖವನ್ನು ಯಾವ ಮಾತಿನಲ್ಲಿ ಅಳುವಳೋ ಆ ಮಾತಿನಲ್ಲಿಯೇ ಸಮಾಧಾನವನ್ನೂ ಕೇಳಬೇಕಲ್ಲವೆ?

ವಿಧಿಗಳು ಎಷ್ಟು ಬದಲಾದರೂ ಒಂದು ಬೋಧನೆ ಬದಲಾಗಲಿಲ್ಲ: ಅನ್ಯಾಯವಾಗಿ ಪಡೆದುದನ್ನು ಹಿಂತಿರುಗಿಸಬೇಕು. ಜಕ್ಕಾಯನು ನಾಲ್ಕರಷ್ಟು ಕೊಡಲು ಮುಂದಾದನು. ಭಾಲ್ಕಿಯ ಹೊಲದಲ್ಲಿ ಉಳುವಾಗ ನೆರೆಯವನ ಬದುವನ್ನು ಒಂದು ಸಾಲು ಒತ್ತಿದವನು, ಬೀದರದ ಅಂಗಡಿಯಲ್ಲಿ ತೊಗರಿಬೇಳೆಯ ತೂಕ ಕಡಿಮೆ ಮಾಡಿದವನು, ಕೂಲಿಯವಳ ದಿನಗೂಲಿಯನ್ನು ನಾಳೆಗೆ ತಳ್ಳಿದವನು ಮೂರು ನಮೋ ಮರಿಯಾ ಜಪಿಸಿ ಎದ್ದುಬಂದರೆ ಬದು ತನ್ನ ಸ್ಥಳಕ್ಕೆ ಮರಳುವುದಿಲ್ಲ. ಜೀತಪದ್ಧತಿಯನ್ನು ದೇಶದ ಕಾನೂನು 1976ರಲ್ಲಿ ರದ್ದುಪಡಿಸಿತು. ಸಾಲದ ಹೆಸರಿನಲ್ಲಿ ಇನ್ನೊಬ್ಬನ ದುಡಿಮೆಯನ್ನು ಕಟ್ಟಿಹಾಕುವ ಮನಸ್ಸನ್ನು ರದ್ದುಪಡಿಸುವುದು ಕಾನೂನಿಗೆ ಮೀರಿದ್ದು.

ಇದಕ್ಕಿಂತಲೂ ಆಳವಾದ ಇನ್ನೊಂದು ಗಾಯವಿದೆ. ನಮ್ಮ ಸೀಮೆಯ ಕ್ರೈಸ್ತರಲ್ಲಿ ಬಹುಮಂದಿ ದಲಿತ ಮೂಲದವರು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಜಾತಿಭೇದವು ಘೋರವಾದ ಸಾಮಾಜಿಕ ಪಾಪವೆಂದು ಸಾರಿತು. ಅದು ಧರ್ಮಸಭೆಯೊಳಗೂ ಉಳಿದಿದೆಯೆಂದು ಒಪ್ಪಿಕೊಂಡಿತು. ನಮ್ಮ ಜಿಲ್ಲೆಗೆ ಈ ಮಾತು ಹೊಸದೇನಲ್ಲ. 12ನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ, ಪರಂಪರೆಯು ಹೇಳುವಂತೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ವಿವಾಹವೊಂದು ರಾಜ್ಯವನ್ನೇ ನಡುಗಿಸಿತು. ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುವ ನಾವು ಮಕ್ಕಳಿಗೆ ಸಂಬಂಧ ಹುಡುಕಲು ಹೊರಟಾಗ ಮೊದಲು ಕೇಳುವ ಪ್ರಶ್ನೆ ಯಾವುದೆಂಬುದನ್ನು, ಮುಂದಿನ ಪಾಪನಿವೇದನೆಗೆ ಮೊದಲು, ಪ್ರತಿಯೊಂದು ಮನೆಯೂ ತನ್ನಲ್ಲಿಯೇ ವಿಚಾರಿಸಿಕೊಳ್ಳಬಹುದು.